ಎಷ್ಟು ರೊಟ್ಟಿಯ ದೂರ?

ಹಾನಗಲ್ ತಾಲ್ಲೂಕಿನ ನಮ್ಮ ಆಡೂರಿನಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಕೇಳುವವರು ಕಡಿಮೆ. ‘ಎಷ್ಟ ತಾಸಿನ ಹಾದಿ?’ ಎಂದೇ ಪ್ರಶ್ನೆ. ನಾನು ಕೊಲಂಬೊಕ್ಕೆ ಹೊರಟ ಸುದ್ದಿ ತಿಳಿದು ಕಟ್ಟೆಯ ಮೇಲಿದ್ದ ಕಾಕಾ ಕೇಳಿದ್ದೂ ಅದನ್ನೇ.

‘ವಿಮಾನದಾಗ ಒಂದೂವರಿ ತಾಸು ಅಷ್ಟ ಕಾಕಾ.’

‘ಹಾವೇರಿಗೆ ಹೋಗಿ ಸಂತಿ ಮಾಡ್ಕೊಂಡು ಬರಾಕ ಇದಕ್ಕಿಂತ ಹೆಚ್ಚಿಗಿ ಬೇಕಲ್ಲೋ ತಮ್ಮಾ! ಹಂಗಾರ ಹಾವೇರಿಗಿಂತ ಲಂಕಾನ ಹತ್ರ ಆತು!’

ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಿಂದ ಕೊಲಂಬೊದ ಬಂಡಾರನಾಯಕೆ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 710 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದ ವಿಮಾನಕ್ಕೆ ಒಂದು ತಾಸೂ ಹಿಡಿಯಬಾರದು. ಆದರೆ ವೇಳಾಪಟ್ಟಿಯ ಲೆಕ್ಕ ಶುರುವಾಗುವುದು ಗಾಲಿ ನೆಲ ಬಿಟ್ಟಾಗ ಅಲ್ಲ, ವಿಮಾನ ನಿಂತ ಜಾಗದಿಂದ ಕದಲಿದಾಗ. ಮುಗಿಯುವುದು ಆಚೆ ದಡದಲ್ಲಿ ಪೂರ್ತಿ ನಿಂತ ಮೇಲೆ. ನೆಲದಲ್ಲಿ ಉರುಳುವುದು, ಸರದಿ ಕಾಯುವುದು, ಏರುವುದು, ಇಳಿಯುವುದು ಎಲ್ಲವೂ ಅದರಲ್ಲಿ ಸೇರಿವೆ. ‘ಸ್ಟ್ಯಾಂಡಿನಾಗ ರಿವರ್ಸ್ ತಗೊಳ್ಳೋದೂ ಲೆಕ್ಕಕ್ಕ ಬರತೈತಿ ಅನ್ನು’ ಎಂದು ಕಾಕಾ ತಲೆದೂಗಿದ.

ಪುಣ್ಯಕ್ಕೆ ಲಂಕೆಯ ಗಡಿಯಾರವೂ ನಮ್ಮದೂ ಈಗ ಒಂದೇ. 1996ರಲ್ಲಿ ಅವರು ಮುಳ್ಳನ್ನು ಮುಂದೆ ತಳ್ಳಿದ್ದರು, 2006ರಲ್ಲಿ ಮತ್ತೆ ನಮ್ಮ ಸಮಕ್ಕೆ ತಂದರು. ನೇಪಾಳದ್ದು ಹಾಗಲ್ಲ, ನಮಗಿಂತ 15 ನಿಮಿಷ ಮುಂದೆ. ಟಿಕೆಟ್ಟಿನ ಮೇಲಿನ ವೇಳೆಗಳನ್ನೇ ಕಳೆದು ಕೂಡಿಸುವವರ ಪಾಲಿಗೆ ಕಠ್ಮಂಡು ಹೋಗುವಾಗ ಕಾಲು ತಾಸು ದೂರ, ಬರುವಾಗ ಕಾಲು ತಾಸು ಹತ್ತಿರ.

ಈ ಯಾವ ಲೆಕ್ಕದಲ್ಲೂ ಆಡೂರಿನಿಂದ ನಿಲ್ದಾಣ ಮುಟ್ಟುವ ಹಾದಿ ಸೇರಿಲ್ಲವಲ್ಲ! ಹುಬ್ಬಳ್ಳಿಯಲ್ಲಿ ವಿಮಾನ ನಿಲ್ದಾಣವಿದೆ. ಕೊಲಂಬೊಕ್ಕೆ ಹಾರಬೇಕಾದರೆ ಮಾತ್ರ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣವೇ ಗತಿ. ಊರಿನಿಂದ ಹಾವೇರಿ, ಹಾವೇರಿಯಿಂದ ರಾತ್ರಿಯಿಡೀ ಬಸ್ಸಿನಲ್ಲಿ ತೂಕಡಿಸಿ ಬೆಂಗಳೂರು, ಅಲ್ಲಿಂದ ಮತ್ತೊಂದು ಬಸ್ಸು. ಮೇಲೆ, ಮೂರು ತಾಸು ಮೊದಲೇ ಹಾಜರಿ.

ಮೂರು ತಾಸಿನ ಮಾತು ಕಾಕಾನಿಗೆ ಸೇರಲಿಲ್ಲ. ‘ಹನುಮಪ್ಪ ನೂರು ಯೋಜನ ಸಮುದ್ರ ಜಿಗದ. ಮದಲ ಬಂದು ಪಾಳೆ ಹಚ್ಚು ಅಂತ ಅವಂಗ ಯಾರರ ಅಂದ್ರೇನು?’

ಬಾಲವನ್ನೂ ಯಾರೂ ತೂಕಕ್ಕೆ ಹಾಕಲಿಲ್ಲ ಎಂದು ನಾನು ದನಿಗೂಡಿಸಿದೆ.

ಇಡೀ ಊರಿನಲ್ಲಿ ಈ ಪ್ರಯಾಣವನ್ನು ಸರಿಯಾಗಿ ಅಳೆದವಳು ದೊಡ್ಡವ್ವ ಒಬ್ಬಳೇ. ಖಡಕ್ ರೊಟ್ಟಿಯ ಥರ ಮೇಲೆ ಥರ ಜೋಡಿಸಿ, ಶೇಂಗಾ ಹಿಂಡಿಯ ಪೊಟ್ಟಣ ಇಟ್ಟು ಬುತ್ತಿ ಕಟ್ಟುತ್ತಿದ್ದಳು.

‘ದೊಡ್ಡವ್ವ, ಒಂದೂವರಿ ತಾಸಿಗೆ ಇಷ್ಟ್ಯಾಕ?’

ಆಕೆ ಗಂಟು ಬಿಗಿದಳು. ‘ಹಾರಾಕ ಅರ್ಧಾ ರೊಟ್ಟಿ ಸಾಕು. ಉಳಿದಾವು ಕಾಯಾಕ.’