ಕ್ಲೇ ವೈನಿ

ಕಿವಿಯಲ್ಲಿ ಮುತ್ತಿಲ್ಲ, ಬೆಂಡೋಲೆಯಿಲ್ಲ. ಎಡಕ್ಕೊಂದು ಉಗುರಗಲದ ಗಿರಮಿಟ್ಟಿನ ತಟ್ಟೆ, ಬಲಕ್ಕೆ ಅದಕ್ಕೆ ಜೋಡಿಯಾಗಿ ಮಿರ್ಚಿ ಭಜಿ. ಇಷ್ಟು ಕಂಡರೆ ಸಾಕು, ಬಂದವರು ಬೆಳಗಾವಿಯ ಖಾಸಬಾಗದ ಕ್ಲೇ ವೈನಿ. ಹೆಸರು ಕೇಳಬೇಕಾಗಿಲ್ಲ. ಗಲ್ಲಿ ಬದಲಾದರೆ ಹೆಸರು ಬದಲಾದೀತು, ವೈನಿ ಅವರೇ. ಹಿಂದೆ ಕ್ರೋಶಾ ಹೆಣೆದವರು, ವಾರ್ಲಿ ಬರೆದವರು, ಕ್ವಿಲಿಂಗ್ ಪೇಪರು ಸುತ್ತಿ ಅಟ್ಟದ ಮೇಲಿಟ್ಟವರು.

"ಖಾನಾಪುರದ ಮಣ್ಣೇನ್ರೀ?" ಎಂದು ಮಾತ್ರ ಅವರನ್ನು ಕೇಳಬಾರದು. ಕೇಳಿದವರ ಅರ್ಧ ತಾಸು ಹೋಯಿತೆಂದೇ ಲೆಕ್ಕ.

"ಮಣ್ಣಲ್ರೀ, ಪಾಲಿಮರ್ ಕ್ಲೇ. ಇದರಾಗ ಮಣ್ಣಿನ ಕಣಾ ಸೈತ ಇಲ್ಲ!"

ಮಾತು ಬಹುಮಟ್ಟಿಗೆ ನಿಜ. ನೀರಿನ ಪೈಪಿಗೆ ಬಳಸುವ ಪಿವಿಸಿಯ ಪುಡಿಗೆ ಬಣ್ಣ, ಮೆದುವಾಗಿಸುವ ದ್ರವ ಸೇರಿಸಿ ನಾದಿದ ಕಣಕ ಅದು. ಅಲ್ಲಿಂದ ವೈನಿ ಸೀದಾ ಜರ್ಮನಿಗೆ ಹೊರಡುತ್ತಾರೆ. ಗೊಂಬೆ ಮಾಡುತ್ತಿದ್ದ ಕೇಟೆ ಕ್ರೂಸೆ, ಫಿಫಿ ಎಂದು ಎಲ್ಲರೂ ಕರೆಯುತ್ತಿದ್ದ ಆಕೆಯ ಮಗಳು, ಆ ಮಗಳು 1964ರಲ್ಲಿ ತನ್ನ ಮಿಶ್ರಣವನ್ನು ಎಬರ್‌ಹಾರ್ಡ್ ಫಾಬರ್ ಕಂಪನಿಗೆ ಮಾರಿದ್ದು, ಅದು ಫಿಮೋ ಆದದ್ದು, ಎಲ್ಲ ಬಾಯಿಪಾಠ. ಇಲ್ಲಿಂದ ಖಾನಾಪುರ 25 ಕಿ.ಮೀ. ಚಿಲ್ಲರೆ. ಅಲ್ಲಿ ಕುಂಬಾರಿಕೆ ಕಲಿಸಲೆಂದೇ ಖಾದಿ ಗ್ರಾಮೋದ್ಯೋಗ ಆಯೋಗದ ಸಂಸ್ಥೆಯೊಂದಿದೆ. ಜರ್ಮನಿ ಮುಗಿದ ಮೇಲೂ ಅದರ ಸುದ್ದಿ ಬರುವುದಿಲ್ಲ. ಇನ್ನು ಬೆಲೆಯ ಮಾತು. ಹೊರದೇಶದ ಕ್ಲೇಯ ಪಾಕೀಟು 57 ಗ್ರಾಂ. ಕಿಲೋ ಲೆಕ್ಕ ಹಿಡಿದರೆ ಬೆಳಗಾವಿಯ ಕುಂದಾ ಅದರ ಮುಂದೆ ತೀರ ಸೋವಿ. ಈ ಲೆಕ್ಕವನ್ನು ಮನೆಯ ಯಜಮಾನರು ಒಮ್ಮೆ ಹಾಕಿ, ಮತ್ತೆ ಹಾಕಲಿಲ್ಲ.

ವೈನಿಯ ನಿಜವಾದ ಕಷ್ಟ ರೊಕ್ಕದ್ದಲ್ಲ, ಊರಿನದು. ಖಾಸಬಾಗ ನೇಕಾರರ ಪೇಟೆ. ಮಗ್ಗ ನಡೆದಷ್ಟು ಹೊತ್ತೂ ಓಣಿಯ ಗಾಳಿಯಲ್ಲಿ ನೂಲಿನ ಎಳೆ ಹಾರಾಡುತ್ತದೆ. ಬಿಳಿ ಕ್ಲೇಗೋ ಎಳೆ ಕಂಡರೆ ಪ್ರಾಣ. ಮೊದಲ ಗಣಪತಿಗೆ ಸೊಂಡಿಲು ಅಂಟಿಸುವ ಹೊತ್ತಿಗೆ ಹೊಟ್ಟೆಯ ತುಂಬ ಕೆಂಪು, ನೀಲಿ ಎಳೆ. ವೈನಿ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಿದರು. ಹತ್ತಿಯ ಎಳೆಯೂ ಕೂಡಿಕೊಂಡಿತು. ಅತ್ತೆ ಕನ್ನಡಕ ಏರಿಸಿ ನೋಡಿ, "ಭಾಳ ಚಂದ ಆಗ್ಯಾನ ಬಿಡವಾ, ಸೀರಿನೂ ಉಡಿಸಿಬಿಟ್ಟಿ" ಎಂದರು. ಅಂದಿನಿಂದ ವೈನಿ ಬಿಳಿಯ ಗೋಜಿಗೆ ಹೋಗಿಲ್ಲ. ಕುಂದಾ, ಕರದಂಟು, ಭಜಿ, ಹೀಗೆ ಕಂದು ಬಣ್ಣದ್ದೇ ಮಾಡುತ್ತಾರೆ. ಎಳೆ ಬಿದ್ದರೂ ಕಾಣದು. ನೋಡಿದವರು ಇದನ್ನು 'ನಮ್ಮ ಭಾಗದ ತಿಂಡಿಗಳ ಮೇಲಿನ ಅಭಿಮಾನ' ಎಂದು ಹೊಗಳುತ್ತಾರೆ, ವೈನಿ ಬೇಡವೆನ್ನುವುದಿಲ್ಲ.

ಬೇಯಿಸುವುದು ಇನ್ನೊಂದು ಪುರಾಣ. ಸುಮಾರು 130 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅರ್ಧ ತಾಸು. ಕಡಿಮೆಯಾದರೆ ಮುರಿಯುತ್ತದೆ, ತೀರ ಹೆಚ್ಚಾಗಿ ಸುಟ್ಟರೆ ಪಿವಿಸಿ ಹೊಗೆಯಾಡಿ ಕಣ್ಣು, ಗಂಟಲು ಉರಿಯುತ್ತವೆ. ಓಟಿಜಿ ಓವನ್ನಿನ ತಿರುಗಣಿ ತೋರಿಸುವ ಶಾಖವನ್ನು ನಂಬುವ ಹಾಗಿಲ್ಲವಾದ್ದರಿಂದ ಒಳಗಿಡಲು ಬೇರೆಯೇ ಥರ್ಮಾಮೀಟರು ಬಂತು. ಕ್ಲೇ ಮುಟ್ಟಿದ ಸಾಮಾನು ಮರಳಿ ಅಡಿಗೆಗೆ ಸಲ್ಲದು ಎಂಬುದು ಈ ಹವ್ಯಾಸದ ಕಟ್ಟುನಿಟ್ಟಿನ ನಿಯಮ, ಸರಿಯಾದ ನಿಯಮವೂ ಹೌದು. ಅದರ ಆಧಾರದ ಮೇಲೆ ಲಟ್ಟಣಿಗೆ ಹೋಯಿತು, ಈಳಿಗೆಯ ಪಕ್ಕದ ಸಣ್ಣ ಚಾಕು ಹೋಯಿತು, ಓಟಿಜಿ ಹೋಯಿತು. ಕ್ಲೇಯನ್ನು ಸಣ್ಣ ಎಳೆಯಾಗಿ ಒತ್ತಲು ಅನುಕೂಲವೆಂದು ಅತ್ತೆಯ ತವರಿನ ಹಿತ್ತಾಳೆ ಚಕ್ಕಲಿ ಒರಳೂ ಹೋಯಿತು. ಆ ದೀಪಾವಳಿಗೆ ಚಕ್ಕಲಿ ಅಂಗಡಿಯಿಂದ ಬಂತು.

ಕಡೆಗೊಮ್ಮೆ, ಬಂಧುಗಳ ಲಗ್ನದ ನೆಪದಲ್ಲಿ, ವೈನಿ ಖಾನಾಪುರಕ್ಕೆ ಹೋದರು. ಗಡಿಗೆ, ಹೂಜಿ ಸಾಲಾಗಿ ಒಣಗುತ್ತಿದ್ದ ಅಂಗಳದಲ್ಲಿ ನಿಂತು ಕುಂಬಾರಜ್ಜನನ್ನು ವಿಚಾರಿಸಿದರು.

"ಎಷ್ಟ್ ಡಿಗ್ರಿಗೆ ಸುಡ್ತೀರಿ ಅಜ್ಜಾ?"

"ಎಂಟನೂರು ದಾಟಬೇಕ್ರೀ ಯವ್ವಾ."

"ಅಷ್ಟ್ಯಾಕ? ನಮ್ಮದು ನೂರಾ ಮೂವತ್ತಕ್ಕ ಮುಗೀತೈತಿ."

ಅಜ್ಜ ಯೋಚಿಸಿದ. "ನೂರಾ ಮೂವತ್ತಕ್ಕ ನಮ್ಮ ಮಣ್ಣಿನ ಥಂಡಿ ಬಿಡತೈತ್ರೀ, ಅಷ್ಟ."

ವೈನಿ ಸೋಲಲಿಲ್ಲ, ಹೂಜಿಯೊಂದನ್ನು ಕೊಂಡರು. ಒಮ್ಮೆ ಸುಟ್ಟ ಮಣ್ಣು ಓಟಿಜಿಯ ಶಾಖಕ್ಕೆ ಜಗ್ಗುವುದಿಲ್ಲ, ಆದ್ದರಿಂದ ಅದರ ಮೈತುಂಬ ಕ್ಲೇ ಹೂವು ಅಂಟಿಸಿ ಹಾಗೇ ಬೇಯಿಸಬಹುದು. ಆದರೆ ಹೂಜಿ ಓಟಿಜಿಯ ಬಾಗಿಲಲ್ಲೇ ಸಿಕ್ಕಿಕೊಂಡಿತು. ಅಂದು ರಾತ್ರಿಯೇ ಮೊಬೈಲಿನಲ್ಲಿ 60 ಲೀಟರಿನ ಓಟಿಜಿಯ ಹುಡುಕಾಟ ಶುರುವಾಯಿತು.

"ಅದರಾಗ ನೀರ್ ತುಂಬಿ ಕುಡದ್ರ ಆಗೂದಿಲ್ಲೇನು?" ಯಜಮಾನರು ಮೆಲ್ಲಗೆ ಕೇಳಿದರು.

"ಕ್ಲೇ ಹತ್ತಿದ್ದರಾಗ ನೀರ್ ಕುಡೀಬಾರದು, ಗೊತ್ತಿಲ್ಲೇನ್ರೀ?"

"ಇನ್ನೂ ಹತ್ತಿಲ್ಲಲಾ."

"ಹತ್ತಸೂದೈತಲಾ!"