ಅಲ್ಪವಿರಾಮ ದಂಡಸಂಹಿತೆ ಅಥವಾ ಯೆರವಡಾ ಸಿದ್ಧಾಂತ

ವಿಜ್ಞಾನ ಪತ್ರಿಕೆಗೆ ಲೇಖನ ಕಳಿಸುವವರು ತಾವು ಬಳಸಿದ ಆಕರಗಳನ್ನು ಆ ಪತ್ರಿಕೆ ವಿಧಿಸಿದ ರೀತಿಯಲ್ಲೇ, ಅದರ ಅಲ್ಪವಿರಾಮ ಅರ್ಧವಿರಾಮಗಳ ಸಹಿತ, ಒಪ್ಪಿಸಬೇಕು. ಈ ವಿಧಿಯ ಮೂಲವನ್ನು ಪಂಡಿತರು ಇದುವರೆಗೆ ಪಶ್ಚಿಮದಲ್ಲೇ ಹುಡುಕಿದ್ದಾರೆ. ಹಾರ್ವರ್ಡಿನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ 1881ರಲ್ಲಿ ಚಿಪ್ಪಿಲ್ಲದ ಬಸವನಹುಳುವಿನ ಮೊಟ್ಟೆಗಳ ಮೇಲೆ ಪ್ರಬಂಧ ಬರೆದಾಗ ಲೇಖಕನ ಹೆಸರು, ವರ್ಷಗಳನ್ನು ಆವರಣಚಿಹ್ನೆಯೊಳಗೆ ಇಟ್ಟನೆಂದು ಒಂದು ಪಂಥ ಹೇಳುತ್ತದೆ. 1978ರಲ್ಲಿ ವೈದ್ಯಕೀಯ ಪತ್ರಿಕೆಗಳ ಕೆಲವು ಸಂಪಾದಕರು ಕೆನಡಾದ ವ್ಯಾಂಕೂವರಿನಲ್ಲಿ ಸೇರಿ ಹೆಸರನ್ನೇ ತೆಗೆದು ಸಂಖ್ಯೆ ಹಾಕುವ ಪದ್ಧತಿಗೆ ಮುದ್ರೆ ಒತ್ತಿದರೆಂದು ಇನ್ನೊಂದು ಪಂಥ ಹೇಳುತ್ತದೆ. ಎರಡೂ ನಿಜ. ಆದರೆ ವಿಧಿ ಯಾವಾಗ ಬಂತು ಎಂಬುದನ್ನು ಹೇಳುವ ಇವು, ಅದು ಯಾತಕ್ಕಾಗಿ ಇದೆ ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಉತ್ತರ ಪುಣೆಯ ಯೆರವಡಾದಲ್ಲಿದೆ. ಅಲ್ಲಿ ಎರಡು ಹಳೆಯ ಸಂಸ್ಥೆಗಳಿವೆ. ಒಂದು ಸೆಂಟ್ರಲ್ ಜೈಲು, ಇನ್ನೊಂದು ಡೆಕ್ಕನ್ ಕಾಲೇಜು. ಆಕರಸೂಚಿಯ ಶಾಸ್ತ್ರ ಕಲಿಯಲು ಹೊರಟ ವಿಜ್ಞಾನ ಪತ್ರಿಕೆಗಳು ಇವೆರಡರಲ್ಲಿ ತಪ್ಪು ಗೇಟನ್ನು ಹೊಕ್ಕವು ಎಂಬುದೇ ಯೆರವಡಾ ಸಿದ್ಧಾಂತ.

ಸಾಕ್ಷ್ಯಗಳನ್ನು ನೋಡೋಣ. ಜೈಲಿಗೆ ಹೋದವನು ಮೊದಲು ಕಳೆದುಕೊಳ್ಳುವುದು ಹೆಸರನ್ನು; ವ್ಯಾಂಕೂವರ್ ಪದ್ಧತಿಯಲ್ಲಿ ಲೇಖಕ ಚೌಕಾವರಣದೊಳಗಿನ 17 ಆಗುತ್ತಾನೆ. ಪಟ್ಟಿಯಲ್ಲಿ ಹೆಸರು ಮರಳಿ ಸಿಕ್ಕರೂ ತಲೆಕೆಳಗಾಗಿ ಸಿಗುತ್ತದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಊರು, ತಂದೆ, ಮಗ ಕ್ರಮವಾಗಿ ನಿಂತಿದ್ದಾರೆ. ಅದನ್ನು ‘ಪುಟ್ಟಪ್ಪ ಕೆವಿ’ ಮಾಡಿದರೆ ತೊಟ್ಟಿಲಲ್ಲಿಟ್ಟ ಹೆಸರು ವಂಶದ ಹೆಸರಾಗಿ ಮುಂದೆ ಬಂದು, ಊರೂ ತಂದೆಯೂ ಚುಕ್ಕೆ ಸಹ ಇಲ್ಲದ ಎರಡಕ್ಷರಗಳಾಗಿ ಹಿಂದೆ ನಿಲ್ಲುತ್ತಾರೆ. ಕರ್ನಾಟಕದ ಅರ್ಧದಷ್ಟು ಸಂಶೋಧಕರು ಹೀಗೆ ತಮಗಿಲ್ಲದ ಒಂದು ವಂಶದ ಮೂಲಪುರುಷರಾಗಿದ್ದಾರೆ ಎಂದರೆ ಅತಿಶಯೋಕ್ತಿಯಾಗಬಹುದು, ಸುಳ್ಳಾಗಲಾರದು. ಇನ್ನು ಜಾಗದ ಪ್ರಶ್ನೆ. ಅನೇಕ ಪತ್ರಿಕೆಗಳಲ್ಲಿ ಆರು ಲೇಖಕರಿಗೆ ಮಾತ್ರ ಸ್ಥಳ. ಪ್ರಯೋಗಾಲಯದಲ್ಲಿ ರಾತ್ರಿಯಿಡೀ ಕೂತು ಮಾಪನ ತೆಗೆದ ಏಳನೆಯವನು ‘ಮತ್ತಿತರರು’. ಅಮೆರಿಕದ ಮನಶ್ಶಾಸ್ತ್ರ ಸಂಘದ ಎಪಿಎ ಶೈಲಿ 1929ರಲ್ಲಿ ಹುಟ್ಟಿದಾಗ ಏಳು ಪುಟದ ಒಂದು ಲೇಖನವಾಗಿತ್ತು, ಈಗ ದಪ್ಪ ಪುಸ್ತಕ. 2019ರಲ್ಲಿ ಬಂದ ಅದರ 7ನೇ ಆವೃತ್ತಿ ಇಪ್ಪತ್ತು ಲೇಖಕರವರೆಗೆ ಜಾಗ ವಿಸ್ತರಿಸಿತು. ಅದೇ ಕೈಯಲ್ಲಿ, ಪುಸ್ತಕ ಪ್ರಕಟವಾದ ಊರಿನ ಹೆಸರು ಇನ್ನು ಬೇಡವೆಂದಿತು. ದಶಕಗಳ ಕಾಲ ಪ್ರಕಾಶಕನ ಹೆಸರಿಗೆ ಸರಪಳಿ ಹಾಕಿಸಿಕೊಂಡಿದ್ದ ನ್ಯೂಯಾರ್ಕ್ ಹೀಗೆ ಬಿಡುಗಡೆಯಾಯಿತು. ಅದರ ಅಪರಾಧವೇನಿತ್ತೆಂದು ಯಾರೂ ತಿಳಿಸಲಿಲ್ಲ. ಒಂದು ಪತ್ರಿಕೆ ತಿರಸ್ಕರಿಸಿದ ಲೇಖನ ಇನ್ನೊಂದಕ್ಕೆ ವರ್ಗವಾದಾಗ ಸಮವಸ್ತ್ರವನ್ನೂ ಬದಲಿಸಬೇಕಾಗುತ್ತದೆ. ಆಕರ ಜೋಡಿಸುವ ತಂತ್ರಾಂಶಗಳಿಗಾಗಿ ಕೂಡಿಟ್ಟಿರುವ ಒಂದು ಮುಕ್ತ ಭಂಡಾರದಲ್ಲೇ ಇಂಥ ಸಮವಸ್ತ್ರಗಳು 10,000ಕ್ಕೂ ಹೆಚ್ಚಿವೆ. ಗಾಂಧೀಜಿ 1930ರಲ್ಲಿ ಆಶ್ರಮಕ್ಕೆ ಬರೆದ ಪತ್ರಗಳಲ್ಲಿ ಈ ಜೈಲನ್ನು ‘ಯೆರವಡಾ ಮಂದಿರ’ ಎಂದು ಕರೆದರು. ಶೈಲಿ ಕೈಪಿಡಿಯನ್ನು ಮಂದಿರವೆಂದ ಲೇಖಕ ಇನ್ನೂ ಹುಟ್ಟಬೇಕು.

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ: ನಿಯಮಗಳಿರುವುದು ಲೇಖಕನನ್ನು ದಂಡಿಸಲಿಕ್ಕಲ್ಲ, ಓದುಗ ಮೂಲವನ್ನು ತಲುಪಲಿ ಎಂದು. ಒಳ್ಳೆಯ ವಾದ. ಆದರೆ ಮೂಲವನ್ನು ತಲುಪಿದವರು ಎಷ್ಟು ಜನ? ಮಿಖಾಯಿಲ್ ಸಿಮ್ಕಿನ್ ಮತ್ತು ವ್ವಾನಿ ರಾಯ್‌ಚೌಧುರಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 4,300 ಬಾರಿ ಉಲ್ಲೇಖಗೊಂಡ ಒಂದು ಲೇಖನವನ್ನು ಪರಿಶೀಲಿಸಿದರು. ಅದರ 196 ಉಲ್ಲೇಖಗಳಲ್ಲಿ ಮುದ್ರಣದೋಷಗಳಿದ್ದವು; ಬೇರೆ ಬೇರೆ ಬಗೆಯ ದೋಷಗಳು 45 ಮಾತ್ರ, ಅವುಗಳಲ್ಲಿ ಒಂದೇ ದೋಷ 78 ಸಲ. ಎಪ್ಪತ್ತೆಂಟು ವಿದ್ವಾಂಸರ ಬೆರಳು ಸ್ವತಂತ್ರವಾಗಿ ಒಂದೇ ಅಂಕಿಯ ಮೇಲೆ ಜಾರುವುದುಂಟೆ? ಪಕ್ಕದವನ ಪಟ್ಟಿಯಿಂದ ನಕಲು ಮಾಡಿದ್ದಾರೆ ಅಷ್ಟೆ. ಉಲ್ಲೇಖಿಸುವವರಲ್ಲಿ ಮೂಲವನ್ನು ಓದಿದವರು ಸುಮಾರು ಶೇಕಡಾ 20 ಎಂದು ಅವರ ಅಂದಾಜು. ಇದಕ್ಕಿಂತ ಬಲವಾದ ಸಾಕ್ಷಿ ವ್ಯಾನ್ ಡರ್ ಗೀರ್ ಮತ್ತು ಸಂಗಡಿಗರ ‘ದಿ ಆರ್ಟ್ ಆಫ್ ರೈಟಿಂಗ್ ಎ ಸೈಂಟಿಫಿಕ್ ಆರ್ಟಿಕಲ್’, ಇಸವಿ 2000, ಸಂಪುಟ 163, ಪುಟ 51ರಿಂದ 59. ಆಕರ ಹೇಗಿರಬೇಕೆಂದು ತೋರಿಸಲು ಎಲ್ಸೆವಿಯರ್ ಪ್ರಕಾಶನದವರ ಸೂಚನೆಗಳಲ್ಲಿ ಕೊಟ್ಟ ಮಾದರಿ ಅದು. ಆ ಲೇಖನವೇ ಇಲ್ಲ, ಅದು ಅಚ್ಚಾಯಿತೆನ್ನುವ ಪತ್ರಿಕೆಯೂ ಇಲ್ಲ. ಆದರೂ ಅದು 400ರ ಹತ್ತಿರ ಉಲ್ಲೇಖಗಳನ್ನು ಸಂಪಾದಿಸಿದೆ ಎಂಬುದನ್ನು ಲೈಡನ್ನಿನ ನಿವೃತ್ತ ಪ್ರಾಧ್ಯಾಪಕ ಪೀಟರ್ ಕ್ರೂನೆನ್‌ಬರ್ಗ್ ಪತ್ತೆಹಚ್ಚಿದರು. ಬದುಕಿನಲ್ಲಿ ಅಷ್ಟು ಉಲ್ಲೇಖ ಕಾಣದೆ ನಿವೃತ್ತರಾಗುವ ನಿಜವಾದ ವಿಜ್ಞಾನಿಗಳು ಎಷ್ಟಿಲ್ಲ! ಅಲ್ಪವಿರಾಮ ಸರಿಯಿದ್ದರೆ ಪ್ರವೇಶಕ್ಕೆ ಅಸ್ತಿತ್ವವೂ ಅಗತ್ಯವಿಲ್ಲವೆಂದು ಇದರಿಂದ ಸಿದ್ಧ.

ಹಾಗಾದರೆ ಆಕರಸೂಚಿಯನ್ನೇ ಕಿತ್ತೊಗೆಯಬೇಕೆ ಎಂದು ಕೇಳಬಹುದು. ಈ ಸಿದ್ಧಾಂತ ಅಷ್ಟು ಕ್ರಾಂತಿಕಾರಿಯಲ್ಲ; ಅದು ಎರಡನೆಯ ಗೇಟನ್ನು ತೋರಿಸುತ್ತದೆ. ಡೆಕ್ಕನ್ ಕಾಲೇಜಿನಲ್ಲಿ 1948ರಲ್ಲಿ ಎಸ್. ಎಂ. ಕತ್ರೆಯವರು ಐತಿಹಾಸಿಕ ತತ್ವದ ಸಂಸ್ಕೃತ ಮಹಾಕೋಶಕ್ಕೆ ಕೈಹಾಕಿದರು. ಋಗ್ವೇದದಿಂದ 19ನೇ ಶತಮಾನದವರೆಗಿನ ಸುಮಾರು 1,500 ಗ್ರಂಥಗಳಿಂದ ಪದಗಳನ್ನು ಆಯ್ದು, ಯಾವ ಗ್ರಂಥ, ಎಷ್ಟನೇ ಅಧ್ಯಾಯ, ಯಾವ ಶ್ಲೋಕ ಎಂದು ಚೀಟಿಗಳಲ್ಲಿ ಬರೆದಿಟ್ಟರು. ಆ ಚೀಟಿಗಳು ಸುಮಾರು ಒಂದು ಕೋಟಿ. ಅಲ್ಲಿಯೂ ಶಿಸ್ತು ಕಡಿಮೆಯಿಲ್ಲ. ಗ್ರಂಥಕ್ಕೊಂದು ಸಂಕ್ಷೇಪ, ಉಲ್ಲೇಖಗಳಿಗೆ ಕಾಲಾನುಕ್ರಮ. ಆದರೆ ಪ್ರತಿ ಚುಕ್ಕೆಗೂ ಒಂದು ಕೆಲಸವಿದೆ: ಅಧ್ಯಾಯದ ಸಂಖ್ಯೆ ತಪ್ಪಿದರೆ ಶ್ಲೋಕ ಸಿಗದು, ಕಾಲಕ್ರಮ ತಪ್ಪಿದರೆ ಪದದ ಚರಿತ್ರೆಯೇ ಹಿಂದುಮುಂದಾಗುತ್ತದೆ. ಮೊದಲ ಸಂಚಿಕೆ ಅಚ್ಚಾಗಲು 1976 ಆಯಿತು. ಅದಾಗಿ ದಶಕಗಳು ಕಳೆದರೂ ಮುದ್ರಿತ ಸಂಪುಟಗಳು ಇನ್ನೂ ‘ಅ’ಕಾರದಲ್ಲೇ ಇವೆ. ಇಷ್ಟು ನಿಧಾನವೇ ಎಂದು ನಗುವವರು ನಗಲಿ. ಇರುವ ಮೂಲವನ್ನು ತೆರೆದು ನೋಡಿ ಉಲ್ಲೇಖಿಸಲು ಎಷ್ಟು ಹೊತ್ತು ಬೇಕೆಂಬುದಕ್ಕೆ ನಮಗಿರುವ ವಿಶ್ವಾಸಾರ್ಹ ಅಳತೆ ಇದೊಂದೇ.

ತಂತ್ರಾಂಶ ಬಂದ ಮೇಲೆ ಈ ಚರ್ಚೆಯೇ ಅಪ್ರಸ್ತುತ ಎಂಬುದು ಕೊನೆಯ ಆಕ್ಷೇಪ. ಆಕರ ಜೋಡಿಸುವ ಝೊಟೆರೊ ತಂತ್ರಾಂಶ 2006ರಲ್ಲಿ ಬಂತು; ಗುಂಡಿ ಒತ್ತಿದರೆ ಪಟ್ಟಿ ಹಾರ್ವರ್ಡಿನಿಂದ ವ್ಯಾಂಕೂವರಿಗೆ ಹಾರುತ್ತದೆ, ನಿಜ. ಸಮವಸ್ತ್ರ ಹೊಲಿಯುವ ವೇಗ ಹೆಚ್ಚಿತೆಂದು ಜೈಲಿನ ತತ್ವ ಬದಲಾಗುವುದಿಲ್ಲ. ಈಚಿನ ಕೃತಕ ಬುದ್ಧಿಮತ್ತೆಯಂತೂ ನಮ್ಮ ಸಿದ್ಧಾಂತಕ್ಕೆ ಪುಕ್ಕಟೆ ಸಾಕ್ಷಿ ನುಡಿಯುತ್ತಿದೆ: ಇಲ್ಲದ ಲೇಖನಕ್ಕೂ ಅದು ನಿರ್ದೋಷವಾದ ಶೈಲಿಯಲ್ಲಿ ಆಕರ ಬರೆದುಕೊಡಬಲ್ಲದು. 2023ರಲ್ಲಿ ನ್ಯೂಯಾರ್ಕಿನ ವಕೀಲರು ಅಂಥ ಹುಟ್ಟದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 5,000 ಡಾಲರ್ ದಂಡ ತೆತ್ತರು. ನ್ಯಾಯಾಧೀಶರು ಅಲ್ಪವಿರಾಮ ಎಣಿಸುತ್ತ ಕೂರಲಿಲ್ಲ, ಆ ತೀರ್ಪುಗಳು ಇವೆಯೇ ಎಂದು ಹುಡುಕಿಸಿದರು.

ಆದ್ದರಿಂದ ಸಂಪಾದಕ ಮಹಾಶಯರಲ್ಲಿ ಬೇಡಿಕೆ ಇಷ್ಟೆ. ಮೊದಲ ಸಲ ಬರುವ ಹಸ್ತಪ್ರತಿಯ ಆಕರಗಳು ಯಾವ ಶೈಲಿಯಲ್ಲಾದರೂ ಇರಲಿ, ಮೂಲ ಸಿಗುವಂತಿದ್ದರೆ ಸಾಕು ಎನ್ನಿ; ಕೆಲವು ಪ್ರಕಾಶಕರು ಈಗಾಗಲೇ ಹಾಗೆ ಹೇಳುತ್ತಿದ್ದಾರೆ, ಅವರ ಪತ್ರಿಕೆಗಳೇನೂ ಮುಚ್ಚಿಹೋಗಿಲ್ಲ. ಸಮವಸ್ತ್ರದ ಮಾತು ಲೇಖನ ಸ್ವೀಕಾರವಾದ ಮೇಲೆ ಆಡೋಣ. ಉಳಿದ ಹೊತ್ತಿನಲ್ಲಿ ಪಟ್ಟಿಯ ಯಾವುದಾದರೂ ಎರಡು ಆಕರಗಳನ್ನು ತೆರೆದು ನೋಡಿ. ಓದುಗರಿಗೂ ಒಂದು ವಿನಂತಿ: ವ್ಯಾನ್ ಡರ್ ಗೀರ್ ಅವರ ಲೇಖನ ಯಾರಲ್ಲಾದರೂ ಇದ್ದರೆ ದಯವಿಟ್ಟು ಒಂದು ಜೆರಾಕ್ಸ್ ಕಳಿಸಿಕೊಡಿ, ಸುಮಾರು ನಾನೂರು ವಿದ್ವಾಂಸರು ಅದನ್ನು ಓದುವುದು ಬಾಕಿಯಿದೆ.