ಸಮುದ್ರ ಕಾಣುವ ರೂಮು ಕೇಳುವ ನಮ್ಮ ಸೀಮೆಯವರಿಗೆ ಒಂದು ಬಹಿರಂಗ ಪತ್ರ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಹಿರಿಯರೇ, ಅಕ್ಕ–ಅಣ್ಣಂದಿರೇ,

ಶಾಲೆಗೆ ರಜೆ ಹತ್ತಿರ ಬಂತೆಂದರೆ ಮಂಗಳೂರಿನಲ್ಲಿ ಬದುಕು ಕಟ್ಟಿಕೊಂಡಿರುವ ನಮ್ಮಂಥ ಬಯಲುಸೀಮೆಯವರಿಗೆ ಊರಿನ ಕರೆಗಳು ಶುರುವಾಗುತ್ತವೆ. ನಾಯಕನಹಟ್ಟಿಯಿಂದ, ಪರಶುರಾಂಪುರದಿಂದ, ತಳಕಿನಿಂದ, ರಾಂಪುರದಿಂದ, ಕೊಂಡ್ಲಹಳ್ಳಿಯಿಂದ. ಎಲ್ಲರದ್ದೂ ಒಂದೇ ಮಾತು: “ಸಮುದ್ರ ಕಾಣೋ ಹಂಗೆ ಒಂದು ರೂಮು ನೋಡಪ್ಪ.” ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವುದನ್ನು ಎಲ್ಲರಿಗೂ ಒಟ್ಟಿಗೆ ಹೇಳೋಣವೆಂದು ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ವರ್ಷಕ್ಕೆ 500 ಮಿ.ಮೀ. ಮಳೆ ಕಾಣುವುದೂ ಕಷ್ಟವಾದ ಸೀಮೆ ನಮ್ಮದು. ವೇದಾವತಿಯಲ್ಲಿ ನೀರಿಗಿಂತ ಮರಳು ಕಂಡದ್ದೇ ಹೆಚ್ಚು. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿದ್ದಾಗ, ಬರೀ ನೀರು ಹರಿಯುವುದನ್ನು ನೋಡಲು ಜಿಲ್ಲೆಗೆ ಜಿಲ್ಲೆಯೇ ಹಿರಿಯೂರಿಗೆ ನುಗ್ಗಿತ್ತು. ಅಂಥ ಜನ ಕಡಲನ್ನು ಕಣ್ತುಂಬ ನೋಡಬೇಕು ಅನ್ನುವುದರಲ್ಲಿ ತಪ್ಪೇನಿದೆ? ಆದರೆ ಕಡಲು ನೋಡುವುದು ಬೇರೆ, ಕಡಲೂರಿನಲ್ಲಿ ಎರಡು ರಾತ್ರಿ ತಂಗುವುದು ಬೇರೆ. ತಂಗುವ ಬಡಾವಣೆ ಸರಿಯಿದ್ದರೆ ಪ್ರವಾಸ ಸುಖವಾಗಿ ಮುಗಿಯುತ್ತದೆ. ಅದು ತಪ್ಪಿದರೆ ಅರ್ಧ ರಜೆ ಆಟೋದಲ್ಲಿ, ಉಳಿದರ್ಧ ಬೆವರಿನಲ್ಲಿ ಕಳೆದುಹೋಗುತ್ತದೆ.

ಮೊದಲು ಮಂಗಳೂರಿನ ನಕ್ಷೆ ತಲೆಯಲ್ಲಿ ಕೂರಲಿ. ನಗರದ ನಡುಭಾಗಕ್ಕೆ ಬೀಚ್ ಇಲ್ಲ. ಪೂರ್ವದಿಂದ ನೇತ್ರಾವತಿ ಬರುತ್ತದೆ. ಗುರುಪುರ ನದಿ, ಅಂದರೆ ಫಲ್ಗುಣಿ, ಉತ್ತರದಿಂದ ಇಳಿದು ಕಡಲಿಗೆ ಸಮನಾಗಿ ಹರಿಯುತ್ತದೆ. ಎರಡೂ ಬೆಂಗ್ರೆಯ ತುದಿಯ ಅಳಿವೆ ಬಾಗಿಲಲ್ಲಿ ಸಮುದ್ರ ಸೇರುತ್ತವೆ. ಹೀಗಾಗಿ ಹಳೆಯ ಊರಿಗೂ ಕಡಲಿಗೂ ನಡುವೆ ಒಂದು ಹೊಳೆ ಅಡ್ಡ ಬರುತ್ತದೆ. ಬೀಚ್‌ಗಳೆಲ್ಲ ಹೊಳೆಯ ಆಚೆ: ಉತ್ತರಕ್ಕೆ ತಣ್ಣೀರುಬಾವಿ, ಪಣಂಬೂರು, ಸುರತ್ಕಲ್, ದಕ್ಷಿಣಕ್ಕೆ ಉಳ್ಳಾಲ, ಸೋಮೇಶ್ವರ.

ಮೊಬೈಲಿನಲ್ಲಿ ರೂಮು ಹುಡುಕುವವರು ಮೋಸ ಹೋಗುವುದು ಇಲ್ಲಿಯೇ. ಸುಲ್ತಾನ್ ಬತ್ತೇರಿಯ ಆಸುಪಾಸಿನ ಒಂದು ಮನೆ ಪರದೆಯ ಮೇಲೆ ಬೀಚ್‌ಗೆ ಅಂಟಿಕೊಂಡಂತೆ ಕಾಣುತ್ತದೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಬುರುಜಿನ ಬಳಿ ನಿಂತರೆ ಎದುರಿಗೇ ತಣ್ಣೀರುಬಾವಿಯ ಮರಗಳು. ನಡುವೆ ಇರುವುದು ಗುರುಪುರ ನದಿ. ದಾಟುದೋಣಿ ಇದ್ದಾಗ ಕೆಲವೇ ನಿಮಿಷದ ಹಾದಿ. ದೋಣಿ ನಿಂತ ಮೇಲೆ, ಅಥವಾ ಸ್ವಂತ ವಾಹನ ತಂದಿದ್ದರೆ, ಕೂಳೂರು ಸೇತುವೆ ಸುತ್ತಿ, ಪಣಂಬೂರಿನ ಮೇಲೆ ಬಂದು ಮತ್ತೆ ದಕ್ಷಿಣಕ್ಕೆ ಇಳಿಯಬೇಕು. ಆದ್ದರಿಂದ “ಬೀಚ್‌ಗೆ ಎಷ್ಟು ದೂರ” ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. “ಯಾವ ಬೀಚ್‌ಗೆ, ಯಾವ ರಸ್ತೆಯಲ್ಲಿ, ಸಂಜೆ ಏಳರ ಮೇಲೆ ವಾಪಸು ಬರಲು ಏನು ಸಿಗುತ್ತದೆ” ಎಂದು ಕೇಳಿ.

ಈಗ ಒಂದೊಂದೇ ಬಡಾವಣೆ ನೋಡೋಣ.

ಅಜ್ಜ–ಅಜ್ಜಿಯರನ್ನು ಕರೆದುಕೊಂಡು ಬಸ್ಸಿನಲ್ಲಿ ಬರುವವರು ಹಂಪನಕಟ್ಟೆ, ಬಿಜೈ, ಕದ್ರಿ ಈ ಸುತ್ತಿನಲ್ಲೇ ಇಳಿದುಕೊಳ್ಳಿ. ಕೆಎಸ್‌ಆರ್‌ಟಿಸಿ ನಿಲ್ದಾಣ ಬಿಜೈಯಲ್ಲಿದೆ. ರಾತ್ರಿ ಪ್ರಯಾಣ ಮಾಡಿ ಬೆಳಗಿನ ಜಾವ ಇಳಿದರೆ ಮಂಪರಿನಲ್ಲಿ ದೂರ ಹೋಗಬೇಕಿಲ್ಲ. ಹಂಪನಕಟ್ಟೆಯ ಹತ್ತಿರವೇ ಸೆಂಟ್ರಲ್ ರೈಲು ನಿಲ್ದಾಣವಿದೆ, 1848ರಿಂದ ನಡೆದುಬಂದಿರುವ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಿದೆ. ಬಿಪಿ, ಶುಗರ್ ಇರುವ ಹಿರಿಯರು ಜೊತೆಗಿದ್ದರೆ ಕಿಟಕಿಯಿಂದ ಕಾಣುವ ಅಲೆಗಿಂತ ಹತ್ತಿರದ ಆಸ್ಪತ್ರೆ ದೊಡ್ಡದು. ಸ್ಟೇಟ್ ಬ್ಯಾಂಕ್ ಎಂದು ಕರೆಯುವ ನಿಲ್ದಾಣದಿಂದ ಉಳ್ಳಾಲಕ್ಕೂ ಸುರತ್ಕಲ್‌ಗೂ ಸಿಟಿ ಬಸ್ಸುಗಳಿವೆ. ಕದ್ರಿ ಮಂಜುನಾಥ, ಮಂಗಳಾದೇವಿ, ಕುದ್ರೋಳಿ ಗೋಕರ್ಣನಾಥ, ರಥಬೀದಿಯ ವೆಂಕಟರಮಣ ದೇವಸ್ಥಾನ ಎಲ್ಲವೂ ಈ ಭಾಗದಿಂದ ಹತ್ತಿರ. ನಮ್ಮಲ್ಲಿ ಶಾಕಾಹಾರಿಗಳು ಬಹಳ. ಅವರಿಗೆ ಊಟದ ಚಿಂತೆಯೂ ಇಲ್ಲಿಲ್ಲ. ಸಂಜೆ ನಾಲ್ಕಕ್ಕೆ ಹೊರಟು ಕಡಲು ನೋಡಿ, ಸೂರ್ಯ ಮುಳುಗಿದ ಮೇಲೆ ವಾಪಸಾದರೆ ಆಯಿತು.

ಪಣಂಬೂರು ಬೀಚ್ ಮಕ್ಕಳಿರುವ ಕುಟುಂಬಕ್ಕೆ ಒಳ್ಳೆಯದು. ವಾಹನ ಮರಳಿನ ಹತ್ತಿರದವರೆಗೂ ಹೋಗುತ್ತದೆ, ಜೀವರಕ್ಷಕರಿದ್ದಾರೆ, ತಿಂಡಿ ಅಂಗಡಿಗಳಿವೆ. ಆದರೆ ಅದೇ ಭಾಗದಲ್ಲಿ ತಂಗುವ ಮುನ್ನ ಯೋಚಿಸಿ. ಪಕ್ಕದಲ್ಲಿ 1974ರಲ್ಲಿ ಆರಂಭವಾದ ನವಮಂಗಳೂರು ಬಂದರು, ಬೈಕಂಪಾಡಿಯ ಕೈಗಾರಿಕಾ ಪ್ರದೇಶ, ಹಗಲೂ ರಾತ್ರಿ ಲಾರಿ ಓಡುವ ರಾಷ್ಟ್ರೀಯ ಹೆದ್ದಾರಿ 66. ಚಳ್ಳಕೆರೆಯಲ್ಲಿ 150ಎ ಹೆದ್ದಾರಿಯ ಸದ್ದಿಗೆ ಬೇಸತ್ತವರು ಇಲ್ಲಿ ಇನ್ನೊಂದು ಹೆದ್ದಾರಿಯ ಪಕ್ಕ ಮಲಗುವುದು ಬೇಡ. ನೋಡಲು ಪಣಂಬೂರು, ಮಲಗಲು ಬೇರೆ ಕಡೆ.

ಗಲಾಟೆ ಬೇಡ, ಎರಡು ದಿನ ಸುಮ್ಮನೆ ಕೂತಿರಬೇಕು ಎನ್ನುವವರಿಗೆ ಸುರತ್ಕಲ್ ಹಿಡಿಸುತ್ತದೆ. ಎನ್‌ಐಟಿಕೆ ಹಿಂದಿನ ಕಡಲತೀರ, ದೀಪಸ್ತಂಭ, ತೀರದಲ್ಲೇ ಇರುವ ಸದಾಶಿವ ದೇವಸ್ಥಾನ. ಪೇಟೆ, ಬಸ್ಸು, ಕೊಂಕಣ ರೈಲ್ವೆಯ ನಿಲ್ದಾಣ ಎಲ್ಲ ಹತ್ತಿರ. ತಣ್ಣೀರುಬಾವಿಯಲ್ಲಿ ನೆರಳು ಬಹಳ, ವೃಕ್ಷೋದ್ಯಾನವೂ ಇದೆ. ಆದರೆ ಸ್ವಂತ ವಾಹನವಿಲ್ಲದವರಿಗೆ ರಾತ್ರಿ ಕಷ್ಟ.

ಉಳ್ಳಾಲ–ಸೋಮೇಶ್ವರದ ಬಗ್ಗೆ ಬಿಡಿಸಿ ಹೇಳಬೇಕು. ಬಂಡೆಯ ಮೇಲಿನ ಸೋಮನಾಥ ದೇವಸ್ಥಾನ, ಅಬ್ಬಕ್ಕ ರಾಣಿಯ ಊರು, ಮದನಿ ದರ್ಗಾ ಎಲ್ಲವೂ ನೋಡುವಂಥವೇ. ಆದರೆ ಕಡಲು ಇಲ್ಲಿ ಒರಟು. ಸೋಮೇಶ್ವರದ ಬಂಡೆಗಳ ಸುತ್ತ ಸೆಳೆತ ಜೋರು. ಉಳ್ಳಾಲದಿಂದ ಉಚ್ಚಿಲದವರೆಗೆ ಕಡಲ್ಕೊರೆತ ಮನೆಗಳನ್ನೂ ತೆಂಗಿನ ಮರಗಳನ್ನೂ ನುಂಗಿದೆ; ತಡೆಗೋಡೆಗೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ನೆರವು ತರಬೇಕಾಯಿತು. ಮೊಗವೀರರು, ಬ್ಯಾರಿಗಳು ತಲೆತಲಾಂತರದಿಂದ ಬದುಕಿರುವ ಕೇರಿಗಳಿವು. ಇಲ್ಲಿ ತಂಗುವುದಾದರೆ ತೀರದ ಅಂಚಿನ ಮನೆಗಿಂತ ತೊಕ್ಕೊಟ್ಟಿನ ಕಡೆಗೆ ಒಳಸರಿದ ಮನೆ ನೋಡಿ. ಮನೆಯವರೊಬ್ಬರು ಜೊತೆಗೆ ಬಂದರಷ್ಟೇ ತೀರಕ್ಕೆ ಇಳಿಯಿರಿ.

ರೂಮು ಹಿಡಿಯುವ ಮುನ್ನ ಇನ್ನೆರಡು ಸಂಗತಿ ವಿಚಾರಿಸಿ. ಒಂದು, ಗಾಳಿ. ನಮ್ಮ ಬಿಸಿಲು ಸುಡುತ್ತದೆ, ಇಲ್ಲಿನ ಬಿಸಿಲು ಬೇಯಿಸುತ್ತದೆ. ಚಳ್ಳಕೆರೆಯ ಒಣಹವೆಯಲ್ಲಿ ಬೆವರು ಆರುವಾಗ ಮೈ ತಂಪಾಗುತ್ತದೆ. ಕರಾವಳಿಯ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದೇ ಇಲ್ಲ. ಥರ್ಮಾಮೀಟರು ನಮ್ಮೂರಿಗಿಂತ ಐದು ಡಿಗ್ರಿ ಕಡಿಮೆ ತೋರಿಸಿದರೂ ಸುಸ್ತು ಹೆಚ್ಚು. ಏಪ್ರಿಲ್–ಮೇ ತಿಂಗಳಲ್ಲಿ ಕಿಟಕಿ ಎದುರುಬದುರಾಗಿಲ್ಲದ ರೂಮು ಎಷ್ಟು ಸೋವಿಯಾದರೂ ಬೇಡ.

ಎರಡು, ನೀರು. ಕರಾವಳಿಯಲ್ಲಿ ನೀರಿಗೇನು ಬರ ಎಂದುಕೊಳ್ಳಬೇಡಿ. ಇಲ್ಲಿ ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಬೀಳುವುದು ನಿಜ. ಆದರೆ ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ಗೆ ಸುರಿದು ಕಡಲಿಗೆ ಹೋಗುತ್ತದೆ. ಊರಿಗೆ ನೀರು ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನಿಂದ ಬರಬೇಕು. 2019ರಲ್ಲೂ 2023ರಲ್ಲೂ ಬೇಸಿಗೆ ಕೊನೆಗೆ ನಗರದಲ್ಲಿ ಸರದಿ ಮೇಲೆ ನೀರು ಬಿಟ್ಟರು. ಲಾಡ್ಜಿಗೆ ಸ್ವಂತ ಬಾವಿ ಇದೆಯೇ ಎಂದು ಕೇಳಿ. ಬೋರ್‌ವೆಲ್ ಬತ್ತಿದ ಸಂಕಟ ಬಲ್ಲವರು ನಾವು; ಉಪ್ಪುನೀರಲ್ಲಿ ಆಡಿ ಬಂದು ಗಂಟೆಗಟ್ಟಲೆ ಷವರ್ ಬಿಟ್ಟು ನಿಲ್ಲುವುದು ನಮಗೆ ಶೋಭೆಯಲ್ಲ.

ಇನ್ನು ನನಗೆ ನಿದ್ದೆಗೆಡಿಸುವ ವಿಷಯ. ನಮ್ಮ ಮಕ್ಕಳಿಗೆ ಈಜು ಬರುವುದಿಲ್ಲ, ಕಲಿಯಲು ನಮ್ಮಲ್ಲಿ ನೀರೇ ಇರಲಿಲ್ಲ. ಡಿಸೆಂಬರ್ 2024ರಲ್ಲಿ ಮುರುಡೇಶ್ವರದ ಕಡಲಲ್ಲಿ ತೀರಿಕೊಂಡ ನಾಲ್ವರು ವಿದ್ಯಾರ್ಥಿನಿಯರು ಶಾಲಾ ಪ್ರವಾಸಕ್ಕೆ ಬಂದದ್ದು ನಮ್ಮಂಥದ್ದೇ ಬರದ ನಾಡಾದ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ. ಅದಕ್ಕೆ ಒಂದು ತಿಂಗಳ ಹಿಂದೆ ಉಚ್ಚಿಲದ ಒಂದು ರೆಸಾರ್ಟಿನಲ್ಲಿ ಮೈಸೂರಿನ ಮೂವರು ಯುವತಿಯರು ಪ್ರಾಣ ಬಿಟ್ಟದ್ದು ಸಮುದ್ರದಲ್ಲಲ್ಲ, ಅಲ್ಲಿನ ಈಜುಕೊಳದಲ್ಲಿ. ಹೀಗಾಗಿ ಈಜುಕೊಳದ ಚೆಂದದ ಫೋಟೋ ನೋಡಿ ಮುಂಗಡ ಕಟ್ಟಬೇಡಿ. ಆಳ ಎಷ್ಟು, ಗುರುತು ಬರೆದಿದ್ದಾರೆಯೇ, ಕಾಯಲು ಜನ ಇದ್ದಾರೆಯೇ ಎಂದು ಮೊದಲು ಕೇಳಿ.

ಕಡಲು ಕೆರೆಯಲ್ಲ. ದಡಕ್ಕೆ ಬಂದ ಅಲೆಗಳ ನೀರು ಹಿಂದಕ್ಕೆ ಹೋಗಲು ಒಂದು ಕಿರಿದಾದ ದಾರಿ ಮಾಡಿಕೊಳ್ಳುತ್ತದೆ. ಅಲ್ಲಿ ಅಲೆ ಒಡೆಯುವುದಿಲ್ಲ, ನೊರೆ ಕಾಣುವುದಿಲ್ಲ. ಎರಡೂ ಬದಿಯಲ್ಲಿ ಅಲೆ ಅಬ್ಬರಿಸುವಾಗ ನಡುವಿನ ಆ ಪಟ್ಟಿ ಮಾತ್ರ ಶಾಂತವಾಗಿರುತ್ತದೆ. ಹೊಸಬರು “ಇಲ್ಲಿ ಅಲೆ ಕಡಿಮೆ” ಎಂದು ಮಕ್ಕಳನ್ನು ಇಳಿಸುವುದು ಸರಿಯಾಗಿ ಅಲ್ಲಿಗೇ. ಸೆಳೆತಕ್ಕೆ ಸಿಕ್ಕವರು ನೇರವಾಗಿ ದಡದತ್ತ ಗುದ್ದಾಡಿದರೆ ಕೈಕಾಲು ಸೋಲುತ್ತದೆ. ತೇಲುತ್ತಾ ಕೈಯೆತ್ತಿ ಕೂಗಬೇಕು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಸರಿದು ಸೆಳೆತದಿಂದ ಹೊರಬರಬೇಕು. ಕೆಂಪು ಬಾವುಟ ಹಾರುತ್ತಿದ್ದರೆ ಇಳಿಯಲೇಬಾರದು. ತಾಯಂದಿರಿಗೆ ಬೇರೆಯಾಗಿ ಒಂದು ಮಾತು: ನೆನೆದ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಅಲೆ ಹಿಂದಕ್ಕೆ ಎಳೆಯುವಾಗ ಎದ್ದು ನಿಲ್ಲಲು ಬಿಡುವುದಿಲ್ಲ. ಪಾದ ಮುಳುಗುವಷ್ಟು ನೀರಿಗಿಂತ ಮುಂದೆ ಹೋಗಬೇಡಿ. ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನಂತೂ ದೇವಸ್ಥಾನಕ್ಕೇ ಇಟ್ಟುಕೊಳ್ಳಿ. ನೇಕಾರರ ತಿಂಗಳ ದುಡಿಮೆಯನ್ನು ಉಪ್ಪುನೀರಿಗೆ ಒಡ್ಡಬೇಡಿ.

ಯಾವಾಗ ಬರಬೇಕು? ಶೇಂಗಾ ಕಿತ್ತು, ಕಾಯಿ ಬಿಡಿಸಿ, ಮಂಡಿಯ ಲೆಕ್ಕ ಚುಕ್ತಾ ಆದ ಮೇಲೆ ಬನ್ನಿ. ಡಿಸೆಂಬರ್, ಜನವರಿ ಹೇಳಿ ಮಾಡಿಸಿದ ಕಾಲ. ಕಡಲೂ ತಣ್ಣಗಿರುತ್ತದೆ, ಬೆವರೂ ಕಡಿಮೆ. ದಸರಾ ರಜೆಯಲ್ಲಿ ಬರುವುದಾದರೆ ಕುದ್ರೋಳಿಯ ಉತ್ಸವಕ್ಕೆ ಊರೆಲ್ಲ ತುಂಬಿರುತ್ತದೆ, ರೂಮು ಮುಂಚೆಯೇ ಹೇಳಿಡಿ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ. ಕಡಲನ್ನೇ ನಂಬಿ ಬದುಕುವವರು ಕಡಲಿಗೆ ಇಳಿಯದ ದಿನಗಳಲ್ಲಿ ನಾವೇಕೆ ಇಳಿಯಬೇಕು?

ಮಂಗಳೂರೇ ಆಗಬೇಕೆಂದಿಲ್ಲದವರಿಗೆ ಉಡುಪಿ ಇದೆ. ರಥಬೀದಿಯ ಸುತ್ತ ತಂಗಿದರೆ ಮಲ್ಪೆ ಹತ್ತಿರ, ಅಲ್ಲಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ. ದಕ್ಷಿಣಕ್ಕೆ ಪಡುಬಿದ್ರಿಯ ಬೀಚ್ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದದ್ದು. ಕಾವಲು, ಶೌಚಾಲಯ, ಸ್ವಚ್ಛತೆ ಮೂರೂ ಅಲ್ಲಿ ಚೆನ್ನಾಗಿವೆ. ಸಣ್ಣ ಮಕ್ಕಳಿದ್ದವರು ಅದನ್ನು ಮೊದಲು ನೋಡಿ.

ಹೋಂ ಸ್ಟೇ ಹಿಡಿಯುವವರು ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ ಎಂದು ಕೇಳಲು ಸಂಕೋಚಪಡಬೇಡಿ. ಹಾಗೆಯೇ ನಮ್ಮ ನಡವಳಿಕೆಯೂ ನೆಟ್ಟಗಿರಲಿ. ಮರಳ ಮೇಲೆ ಹರಡಿದ ಬಲೆ ತುಳಿಯುವುದು, ಒಣಗಲು ಇಟ್ಟ ಮೀನು ಕಂಡು ಮೂಗು ಮುಚ್ಚಿ ನಗುವುದು, ರಾತ್ರಿ ಹತ್ತರ ಮೇಲೆ ಡಿಜೆ ಹಾಕುವುದು ಬೇಡ. ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಬಂದ ಪರಸ್ಥಳದವರು ನಮ್ಮ ಬೀದಿಯಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಬಯಸುತ್ತೇವೋ ಹಾಗೆ ನಾವು ಅವರ ಕೇರಿಯಲ್ಲಿ ನಡೆದುಕೊಳ್ಳಬೇಕು. ಇಲ್ಲಿಯವರು ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಆಡಿದರೂ ನಮ್ಮೊಡನೆ ಕನ್ನಡದಲ್ಲೇ ಮಾತಾಡುತ್ತಾರೆ. “ಇವತ್ತು ಕಡಲು ಹೇಗಿದೆ?” ಎಂದು ಕೇಳಿದರೆ ತಪ್ಪದೆ ಸತ್ಯ ಹೇಳುತ್ತಾರೆ.

ನಮ್ಮ ಎರಡೂ ತಾಲ್ಲೂಕಿನ ಶಾಲೆಗಳ ಹೆಡ್‌ಮಾಸ್ತರರಲ್ಲಿ, ಟೆಂಪೋ ಟ್ರಾವೆಲರ್ ಮಾಡಿಕೊಂಡು ಬರುವ ಸಂಘಗಳ ಹಿರಿಯರಲ್ಲಿ ನನ್ನ ಕಳಕಳಿಯ ವಿನಂತಿ ಇದು: ಇಳಿದುಕೊಳ್ಳುವ ಜಾಗವನ್ನು ಬಾಡಿಗೆಯ ಲೆಕ್ಕದಲ್ಲೋ ಫೋಟೋದ ಚೆಂದದಲ್ಲೋ ತೀರ್ಮಾನಿಸಬೇಡಿ. ಜೊತೆಗೆ ಬರುವವರಲ್ಲಿ ಅತಿ ಹಿರಿಯರು ಯಾರು, ಅತಿ ಕಿರಿಯರು ಯಾರು ನೋಡಿ; ಆ ಇಬ್ಬರಿಗೆ ಸರಿಹೊಂದುವ ಬಡಾವಣೆಯನ್ನೇ ಆರಿಸಿ. ಜೀವರಕ್ಷಕರಿಲ್ಲದ ತೀರಕ್ಕೆ ಮಕ್ಕಳನ್ನು ಇಳಿಸಬೇಡಿ. ಕರೆದುಕೊಂಡು ಬಂದಷ್ಟೇ ಜನರನ್ನು ಮನೆಗೆ ಮುಟ್ಟಿಸುವುದು ಪ್ರವಾಸ ಮಾಡಿಸುವವರ ಮೊದಲ ಕರ್ತವ್ಯ, ಸಮುದ್ರ ತೋರಿಸುವುದು ಎರಡನೆಯದು.

ಇಂತಿ ನಿಮ್ಮ ಹಿತ ಬಯಸುವ,
ಮೊಳಕಾಲ್ಮೂರು ತಾಲ್ಲೂಕಿನವ, ಸದ್ಯ ಮಂಗಳೂರು